ಬೆಳಕುಕೋಣೆಯ ಗಾಜು

ವರ್ಷ ೨೧೪, ಎರಡನೇ ತಿಂಗಳು, ೯

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದ.

ಹಡಗು ಮೊನ್ನೆ ಇಳೀತು. ಕಪ್ತಾನ ಎಂದಿನ ಹಾಗೆ ಮೀಸೆ ತಿರುವಿಕೊಂಡು ಬಂದ, ನಿಮ್ಮ ಲೋಕದಿಂದ ನಮ್ಮ ಲೋಕಕ್ಕೆ ಹಡಗನ್ನ ತಾನೇ ಹೆಗಲ ಮೇಲೆ ಹೊತ್ತು ತಂದವನ ಹಾಗೆ. ಹಿರಿಯರು ಕಟ್ಟಿಟ್ಟು ಹೋದ ಹಡಗು ತಾನೇ ಹೋಗುತ್ತೆ, ತಾನೇ ಬರುತ್ತೆ. ಇವನ ಕೆಲಸ ಬಾಗಿಲು ತೆಗೆಯೋದು, ಮುಚ್ಚೋದು. ಆದರೂ ಹತ್ತಿರ ಹತ್ತಿರ ನಾಲ್ಕು ತಿಂಗಳ ದಾರಿ ದಾಟಿ ನಿನ್ನ ಕಾಗದ ತಂದುಕೊಡ್ತಾನಲ್ಲ, ಮೀಸೆ ಇರಲಿ ಬಿಡು.

ನಿಮ್ಮ ತೋಟದ ಸಂಗತಿ ಓದಿ ಹೊಟ್ಟೆಕಿಚ್ಚಾಯ್ತು. ಗಾಳಿಯೇ ಇಲ್ಲದ ನೆಲದ ಮೇಲೆ ಗಾಜಿನ ಚಾವಣಿ ಹೊದ್ದುಕೊಂಡು, ಅದರ ಕೆಳಗೆ ಹಣ್ಣು ಉದುರಿ ಕೊಳೆಯುವಷ್ಟು ಬೆಳೀತೀರಿ ಅಂದ್ರೆ! ಹಿರಿಯರ ಕಾಲ ಮುಗಿದು ಇನ್ನೂರು ವರ್ಷ ಆಯ್ತು ಅಂತ ಇಲ್ಲಿ ಎಲ್ಲರೂ ಗೋಳಾಡ್ತಾರೆ. ನಿಮ್ಮಲ್ಲಿ ಅದು ಮುಗಿದೇ ಇಲ್ಲ ಅನ್ನಿಸುತ್ತೆ.

ನನ್ನ ಕೆಲಸ ಹೇಗಿದೆ ಅಂತ ಕೇಳಿದ್ದೀಯ. ಬೆಳಕುಕೋಣೆಯ ಬೀಗದ ಕೈ ಈಗಲೂ ನನ್ನ ಸೊಂಟದಲ್ಲೇ. ಬೆಳಿಗ್ಗೆ ಮೊದಲು ಒಳಗೆ ಹೋಗೋಳು ನಾನೇ, ಸಂಜೆ ಕೊನೆಗೆ ಹೊರಗೆ ಬರೋಳೂ ನಾನೇ. ದೂರದ ಊರುಗಳಿಂದ ಜನ ಬಂದು ಕಣ್ಣರಳಿಸಿ ನೋಡ್ತಾರೆ. ಒಳಗೆ ಮಲಗಿದರೆ ಮುರಿದ ಮೂಳೆ ಕೂಡುತ್ತೆ, ಹೋದ ಕಣ್ಣು ಬರುತ್ತೆ ಅಂತ ನಾವಿಬ್ಬರೂ ಅಮ್ಮನ ಪಕ್ಕ ಮಲಗಿ ಕೇಳ್ತಿದ್ದೆವಲ್ಲ, ಆ ಕೋಣೆಗೆ ನಿನ್ನ ಅಕ್ಕ ಯಜಮಾನಿ. ಈ ಕೋಣೆಯ ಓದಿಗೆ ಮನೆಗೊಂದೇ ಸೀಟು ಅಂದಾಗ, ನಿನಗೆ ನನಗಿಂತ ಹೆಚ್ಚು ಅಂಕ ಬಂದಿದ್ದರೂ ನೀನು ಬಿಟ್ಟುಕೊಟ್ಟೆ. ಆ ಮಾತು ನಾನು ಮರೆತಿಲ್ಲ.

ನಗೋದಕ್ಕೊಂದು ಸುದ್ದಿ. ನಮ್ಮ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಒಬ್ಬ ಕಣ್ಣಿನ ಡಾಕ್ಟರಮ್ಮ ಇದ್ದಾರೆ. ಕಟುಕರ ಅಂಗಡಿಯಿಂದ ಕುರಿಯ ಕಣ್ಣು ತರಿಸಿಕೊಂಡು ಸಣ್ಣ ಚಾಕುವಿನಲ್ಲಿ ಬಿಡಿಸ್ತಾ ಕೂತಿರ್ತಾರೆ. ಕೈಯಿಂದಲೇ ಕಣ್ಣು ವಾಸಿ ಮಾಡ್ತಾರಂತೆ! ನಾವೆಲ್ಲ ಕುರಿ ಡಾಕ್ಟರಮ್ಮ ಅಂತೀವಿ. ಹೆಸರಿಟ್ಟೋಳು ನಾನೇ.

ಗುಬ್ಬಿಗೆ ದೊಡ್ಡಮ್ಮನ ಮುತ್ತು.

ನಿನ್ನ ಅಕ್ಕ


ವರ್ಷ ೨೧೪, ಆರನೇ ತಿಂಗಳು, ೧೪

ಅಕ್ಕಾ,

ಈ ಸಲ ತಮಾಷೆ ಮಾಡೋಕೆ ಮನಸ್ಸಿಲ್ಲ. ಗುಬ್ಬಿಯ ಕಣ್ಣಿಗೆ ಏನೋ ಆಗಿದೆ.

ಮೊದಮೊದಲು ಲೋಟ ಕೈಜಾರಿಸ್ತಿದ್ದಳು, ಹೊಸ್ತಿಲು ಎಡವುತ್ತಿದ್ದಳು. ಎಲ್ಲೋ ನೋಡ್ಕೊಂಡು ನಡೀತೀಯ ಅಂತ ಬೈದೆ. ಒಂದು ದಿನ ಹೊಡೆದೂ ಬಿಟ್ಟೆ ಅಕ್ಕಾ. ಅವಳು ಅಳಲಿಲ್ಲ, "ಅಮ್ಮಾ, ನೀನು ಯಾವ ಕಡೆ ನಿಂತಿದ್ದೀಯ?" ಅಂದಳು. ಆಗ ಮುಖ ಎತ್ತಿ ಬೆಳಕಿಗೆ ಹಿಡಿದೆ. ಎರಡೂ ಪಾಪೆಗಳ ಮೇಲೆ ಹಾಲಿನ ಹನಿ ಬಿದ್ದ ಹಾಗೆ ಬಿಳುಪು. ಹೊಡೆದ ಕೈ ಇನ್ನೂ ನನ್ನದಲ್ಲ ಅನ್ನಿಸ್ತಿದೆ.

ಇಲ್ಲಿಯ ವೈದ್ಯರು ತಲೆಯಾಡಿಸಿದರು. "ಬೆಳಕುಕೋಣೆಯೇ ಗತಿ" ಅಂದರು. ನಾನು ನೆಟ್ಟಗೆ ಕೂತು ಹೇಳಿದೆ, ಅದರ ಬೀಗದ ಕೈ ನಮ್ಮಕ್ಕನ ಸೊಂಟದಲ್ಲಿದೆ ಅಂತ. ಅವರು ಎದ್ದು ನಿಂತರು ಗೊತ್ತಾ, ಕುರ್ಚಿಯಿಂದ!

ಕಳಿಸಲಾ? ಒಂದು ಮಾತು ಬರಿ, ಸಾಕು. ನಾನು ಬರೋಕಾಗಲ್ಲ. ತೋಟದ ಕೆಲಸ ಬಿಟ್ಟು ಯಾರನ್ನೂ ಬಿಡ್ತಿಲ್ಲ. ಸುಗ್ಗಿ ಜೋರಾಗಿದೆ.

ನಿನ್ನ ತಂಗಿ


ವರ್ಷ ೨೧೪, ಹತ್ತನೇ ತಿಂಗಳು, ೧೧

ಪ್ರೀತಿಯ ತಂಗೀ,

ನಿನ್ನ ಕಾಗದ ಓದಿ ಎದೆ ಒಡೆದುಹೋಯ್ತು. ಹಡಗು ನಾಳೆ ಹೊರಡುತ್ತೆ. ಈ ಕಾಗದವನ್ನ ಎಷ್ಟು ಸಲ ಬರೆದು ಹರಿದೆನೋ.

ಮಗುವಿಗೆ ನಾಲ್ಕು ತಿಂಗಳ ಪ್ರಯಾಣ ಆಗುತ್ತಾ, ಯೋಚನೆ ಮಾಡು. ಇಲ್ಲಿ ಜನವೋ ಜನ. ಬೆಳಕುಕೋಣೆಯಲ್ಲಿ ಸರದಿ ಸಿಗೋದು ನೀನಂದುಕೊಂಡಷ್ಟು ಸುಲಭ ಅಲ್ಲ. ಬೀಗದ ಕೈ ನನ್ನ ಹತ್ತಿರ ಇದೆ ಅಂದಮಾತ್ರಕ್ಕೆ ಎಲ್ಲವೂ ನನ್ನ ಕೈಲಿದೆ ಅಂತಲ್ಲ. ಮನೆಯೂ ಚಿಕ್ಕದು, ಹಗಲೆಲ್ಲ ನಾನು ಆಸ್ಪತ್ರೆಯಲ್ಲಿ. ಸ್ವಲ್ಪ ಕಾದು ನೋಡು. ಕೆಲವು ಮಕ್ಕಳಿಗೆ ಅದು ಹೆಚ್ಚಾಗದೆ ಹಾಗೇ ನಿಲ್ಲೋದೂ ಉಂಟಂತೆ.

ನನ್ನ ಮೇಲೆ ಕೋಪ ಮಾಡ್ಕೋಬೇಡ.

ಅಕ್ಕ


ವರ್ಷ ೨೧೫, ಎರಡನೇ ತಿಂಗಳು, ೧೬

ಅಕ್ಕನವರಿಗೆ,

ಮನೆ ಚಿಕ್ಕದು ಅಂತ ಬರೆದಿರಿ. ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗಿ ದೊಡ್ಡವರಾದ ಮನೆ ಅದು, ಅದರ ಅಳತೆ ನನಗೆ ಗೊತ್ತಿಲ್ವಾ? ಸರದಿಯಂತೆ, ಜನವಂತೆ. ಹತ್ತಿದ ಏಣಿ ಒದೆಯೋದು ಅಂದ್ರೆ ಇದೇ. ಸೀಟು ಬಿಟ್ಟುಕೊಟ್ಟಾಗ ನಾನು ಸರದಿ ಕೇಳಿದ್ದೆನಾ?

ನಿಮ್ಮ ಒಪ್ಪಿಗೆಗೆ ಕಾಯಲ್ಲ. ಗುಬ್ಬಿಯನ್ನ ಇದೇ ಹಡಗಿನಲ್ಲಿ ಕಳಿಸ್ತಿದ್ದೀನಿ. ಹಡಗಿನ ಅಡಿಗೆಯಾಕೆ ದಾರಿಯುದ್ದಕ್ಕೂ ನೋಡ್ಕೋತಾಳೆ. ಈಗ ಅವಳಿಗೆ ಬೆಳಕು-ಕತ್ತಲೆ ಮಾತ್ರ ಗೊತ್ತಾಗುತ್ತೆ. ಇಬ್ಬರು ನಿಂತಿದ್ದರೆ ಯಾರು ಯಾರು ಅಂತ ವಾಸನೆ ನೋಡಿ ಹೇಳ್ತಾಳೆ. ಅವಳನ್ನ ಬಾಗಿಲಿನಿಂದ ವಾಪಸ್ ಕಳಿಸೋಷ್ಟು ಕಲ್ಲು ಮನಸ್ಸು ನಿಮ್ಮದಾಗಿದ್ದರೆ, ಅದನ್ನೂ ನೋಡೇಬಿಡೋಣ.

ಇನ್ನೊಂದು ವಿಷಯ. ನಮ್ಮ ಪಕ್ಕದ ಮನೆಯ ಗಾಜಿನಣ್ಣ, ಚಾವಣಿಯ ಗಾಜು ಕೂರಿಸೋರು, ಕೆಮ್ಮಿ ಕೆಮ್ಮಿ ರಕ್ತ ಕಾರ್ತಿದ್ದಾರೆ. ಗಾಜಿನ ಪುಡಿ ಎದೆಯೊಳಗೆ ಕೂತಿದೆ. ನಿಮ್ಮ ಹೆಸರು ಕೇಳಿದಾಗಿನಿಂದ ಅವರಿಗೂ ಆಸೆ. ಬೀದಿಯಲ್ಲಿ ಇನ್ನೂ ಕೆಲವರಿದ್ದಾರೆ. ಗುಬ್ಬಿಗೆ ಗುಣ ಆದ ಸುದ್ದಿ ಬರಲಿ, ಆಮೇಲೆ ನೋಡೋಣ ಅಂದಿದ್ದೀನಿ.

ನಿಮ್ಮ ತಂಗಿ


ವರ್ಷ ೨೧೫, ಆರನೇ ತಿಂಗಳು, ೧೩

ನನ್ನ ಬಂಗಾರದ ತಂಗೀ,

ಗುಬ್ಬಿ ಸುಖವಾಗಿ ಬಂದು ಸೇರಿದಳು. ಬಂದರಿನಲ್ಲಿ ನಾನು ಬಾಯಿ ಬಿಡೋದಕ್ಕೆ ಮೊದಲೇ ನನ್ನ ಸೆರಗು ಮೂಸಿ "ದೊಡ್ಡಮ್ಮ" ಅಂದಳು. ನಿನ್ನ ಪೆಟ್ಟಿಗೆಯ ಬಟ್ಟೆ ವಾಸನೆಯೇ ನನಗೂ ಇದೆಯಂತೆ. ಇಷ್ಟು ವರ್ಷ ಆದಮೇಲೂ.

ಚಿಕಿತ್ಸೆ ಶುರುವಾಗಿದೆ. ದಿನಾ ಎರಡು ಹೊತ್ತು ಕಣ್ಣಿಗೆ ಹನಿ ಹಾಕ್ತಿದ್ದೀವಿ. ದೊಡ್ಡ ಕೆಲಸಕ್ಕೆ ಮುಂಚೆ ಕಣ್ಣು ಸಿದ್ಧ ಆಗಬೇಕಂತೆ. ಹಡಗು ಹೊರಟಮೇಲೆ ಅದಕ್ಕೆ ದಿನ ಗೊತ್ತು ಮಾಡ್ತಾರೆ. ನೀನು ಧೈರ್ಯವಾಗಿರು.

ಮೊನ್ನೆ ಸೀಬೆಹಣ್ಣು ತಂದೆ. ಅವಳು ಅದನ್ನ ಕೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿ, ಇದನ್ನ ಬಿಚ್ಚೋದು ಹೇಗೆ ಅಂತ ಕೇಳಿದಳು. ನಿಮ್ಮ ತೋಟದಲ್ಲಿ ಬೇರೆ ಜಾತಿಯ ಹಣ್ಣುಗಳೇನೋ. ಆಮೇಲೆ ಸಿಪ್ಪೆ, ಬೀಜ ಯಾವುದನ್ನೂ ಬಿಡದೆ ತಿಂದಳು. ಈಗ ದಿನಾ ತರ್ತಿದ್ದೀನಿ. ನಾನು ಏನೂ ಕೇಳಲಿಲ್ಲ, ನೀನೂ ಯೋಚನೆ ಮಾಡಬೇಡ.

ಗಾಜಿನಣ್ಣನಿಗೆ ಅವಸರ ಬೇಡ ಅಂತ ಹೇಳು. ಇನ್ನೂ ಸ್ವಲ್ಪ ದಿನ ಹೋಗಲಿ.

ನಿನ್ನ ಅಕ್ಕ


ವರ್ಷ ೨೧೫, ಹತ್ತನೇ ತಿಂಗಳು, ೧೫

ಅಕ್ಕಾ, ನನ್ನ ಅಕ್ಕಾ,

ಹಿಂದಿನ ಕಾಗದಕ್ಕೆ ನನ್ನ ಕೆನ್ನೆಗೆ ನಾನೇ ಹೊಡ್ಕೊಂಡೆ. ಅಕ್ಕನವರಂತೆ, ನೀವಂತೆ! ಆ ಕಾಗದ ಸುಟ್ಟುಬಿಡು.

ಚಿಕಿತ್ಸೆ ಶುರುವಾಗಿದೆ ಅನ್ನೋ ಒಂದು ಸಾಲನ್ನ ಬೀದಿಗೆಲ್ಲ ಓದಿ ಹೇಳಿದೆ. ಜನ ನಮ್ಮ ಬಾಗಿಲಲ್ಲಿ ಕೂತರು. ನೋಡೋಣ, ಕಾಯೋಣ ಅಂದೆ. ಗಾಜಿನಣ್ಣನ ಹೆಂಡತಿ ಅತ್ತೇಬಿಟ್ಟಳು. "ನಿನ್ನ ಮಗಳಿಗಾದರೆ ಅವಸರ, ನನ್ನ ಗಂಡನಿಗೆ ನಿಧಾನವಾ?" ಅಂದಳು. ಹಾಗಾದರೆ ಹೊರಡಿ ಅಂದುಬಿಟ್ಟೆ. ಇಪ್ಪತ್ತಕ್ಕೂ ಹೆಚ್ಚು ಜನ ಈ ಹಡಗಿನಲ್ಲಿ ಬರ್ತಿದ್ದಾರೆ. ಎಲ್ಲರಿಗೂ ನಿನ್ನ ಹೆಸರು ಹೇಳಿದ್ದೀನಿ. ಗಾಜಿನಣ್ಣನನ್ನ ಮೊದಲು ಒಳಗೆ ಬಿಡು, ಅಷ್ಟೇ ನನ್ನ ಶಿಫಾರಸು.

ಅಮ್ಮ ಇದ್ದಿದ್ದರೆ ಎಷ್ಟು ಹೆಮ್ಮೆ ಪಡ್ತಿದ್ದಳು ಅಂತ ದಿನಾ ನೆನೀತೀನಿ.

ನಿನ್ನ ತಂಗಿ


ವರ್ಷ ೨೧೬, ಮೂರನೇ ತಿಂಗಳು, ೨೦

ತಂಗೀ,

ಹಡಗು ಬಂದು ತಿಂಗಳಾಯ್ತು, ನಾಳೆ ಹೊರಡುತ್ತೆ. ಕೂತು ಓದು, ನಿಂತು ಓದಬೇಡ.

ಬೆಳಕುಕೋಣೆ ಸತ್ತಿದೆ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷವೇ ಆರಿಹೋಯ್ತು. ಯಾರಿಗೂ ರಿಪೇರಿ ಗೊತ್ತಿರಲಿಲ್ಲ. ನನಗೂ ಇಲ್ಲ. ನಾವು ಓದಿದ್ದು ಗುಂಡಿ ಒತ್ತೋ ಕ್ರಮ ಮಾತ್ರ. ಜನ ಬಂದು ನೋಡ್ತಾರೆ ಅಂತ ಬರೆದೆನಲ್ಲ, ಹಳೇ ಕೋಟೆ ನೋಡೋಕೆ ಬರೋ ಹಾಗೆ ಬರ್ತಾರೆ. ನಾನು ಬೀಗ ತೆಗೀತೀನಿ, ಧೂಳು ಒರೆಸ್ತೀನಿ, ಬೀಗ ಹಾಕ್ತೀನಿ. ನಿನಗೆ ಬರೆದ ಒಂದೊಂದು ವಾಕ್ಯವೂ ನಿಜವೇ ಆಗಿತ್ತು. ಹಾಗೆ ನೋಡಿ ನೋಡಿ ಜೋಡಿಸಿ ಬರೆದೆ. ಸುಳ್ಳು ಹೇಳಿಲ್ಲ ಅಂತ ನನಗೆ ನಾನೇ ಹೇಳ್ಕೋಬೇಕಿತ್ತಲ್ಲ.

ಗುಬ್ಬಿ ಬಂದ ದಿನ ಬರೆಯಬಹುದಿತ್ತು. ಕುರಿ ಡಾಕ್ಟರಮ್ಮನ ಹತ್ತಿರ ಕರ್ಕೊಂಡು ಹೋದೆ. ನಾನಿಟ್ಟ ಹೆಸರು ಅವರಿಗೆ ಗೊತ್ತಿತ್ತು. ನನ್ನ ಮುಖ ನೋಡಲಿಲ್ಲ, ಮಗುವಿನ ಕಣ್ಣು ಮಾತ್ರ ನೋಡಿದರು. "ಮನುಷ್ಯರ ಕಣ್ಣಿಗೆ ಚಾಕು ಇಡೋಕೆ ಶುರುಮಾಡಿ ಬಹಳ ವರ್ಷ ಆಗಿಲ್ಲ. ಎರಡರಲ್ಲಿ ಒಂದು ಬಂದರೆ ದೊಡ್ಡದು. ಒಪ್ಪಿಗೇನಾ?" ಅಂದರು. ಮಗು ನಿನ್ನದು, ಒಪ್ಪಿಗೆ ಕೊಟ್ಟೋಳು ನಾನು. ಒಳ್ಳೇ ಸುದ್ದಿ ಬಂದಮೇಲೆ ಎಲ್ಲ ಹೇಳಿದರಾಯ್ತು ಅಂತ ಆ ಹಡಗಿನಲ್ಲಿ ಕಣ್ಣಿನ ಹನಿಯ ಮಾತಷ್ಟೇ ಬರೆದು ಕಳಿಸಿದೆ. ಆ ಒಂದು ಕಾಗದ ನೆಟ್ಟಗೆ ಬರೆದಿದ್ದರೆ ನಿನ್ನ ಬೀದಿಯೋರು ಮನೇಲೇ ಇರ್ತಿದ್ದರು.

ಕಣ್ಣಿನ ವಿಷಯ ಮೊದಲು ಹೇಳ್ತೀನಿ, ನಿನ್ನ ಜೀವ ಅಲ್ಲೇ ಇರುತ್ತೆ. ನಿದ್ದೆಯ ಔಷಧಿ ಕೊಟ್ಟು ಮಲಗಿಸಿದರು. ತಲೆ ಅಲುಗದ ಹಾಗೆ ಹಿಡಿದಿದ್ದೋಳು ನಾನು. ಎಡಗಣ್ಣು ಕೀವಾಗಿ ಹೋಯ್ತು. ಬಲಗಣ್ಣು ಬಂದಿದೆ. ಆದರೆ ಒಳಗಿನ ಮಸೂರ ತೆಗೆದಿದ್ದರಿಂದ ಎಲ್ಲವೂ ನೀರಿನೊಳಗಿದ್ದ ಹಾಗೆ ಕಾಣ್ತಿತ್ತು. ದಪ್ಪ ಗಾಜು ಬೇಕು, ಅಂಥ ತಿಳಿಯಾದ ಗಾಜು ಈಗ ಯಾರೂ ಮಾಡಲ್ಲ ಅಂದರು ಡಾಕ್ಟರಮ್ಮ.

ಹೀಗಿರುವಾಗ ನಿಮ್ಮವರು ಬಂದಿಳಿದರು. ಎಲ್ಲರೂ ಒಗೆದ ಬಟ್ಟೆ ಹಾಕ್ಕೊಂಡಿದ್ದರು. ಒಬ್ಬ ಹೆಂಗಸು ನನ್ನ ಕೈ ತಗೊಂಡು ಕಣ್ಣಿಗೊತ್ತಿಕೊಂಡಳು. ಆಸ್ಪತ್ರೆಗೆ ಕರ್ಕೊಂಡು ಹೋದೆ, ಮೆಟ್ಟಿಲು ಹತ್ತಿಸಿದೆ, ಬೀಗ ತೆಗೆದೆ. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬಂದು ಸಾಲಾಗಿ ನಿಂತರು. ಗಾಜಿನಣ್ಣ ಮಾತ್ರ ನಿಲ್ಲಲಾರದೆ ನೆಲದ ಮೇಲೆ ಕೂತರು.

"ಯಾವಾಗ ಶುರುವಾಗುತ್ತಮ್ಮ?" ಅಂತ ಯಾರೋ ಕೇಳಿದರು.

ಗುಬ್ಬಿ ನನ್ನ ಸೆರಗು ಜಗ್ಗಿದಳು. "ದೊಡ್ಡಮ್ಮ, ಇವರಿಗೂ ಹೇಳಿಲ್ವಾ?"

ಆ "ಇವರಿಗೂ" ಅನ್ನೋ ಮಾತಿಗೆ ನೆಲ ಬಾಯಿಬಿಡಬಾರದಾ ಅನ್ನಿಸ್ತು. ಹೇಳಿದೆ. ಇದು ಬರೀ ಪೆಟ್ಟಿಗೆ, ನಾನು ಬರೀ ಒರೆಸೋಳು, ನಿಮ್ಮ ಬೀದಿಯವಳಿಗೆ ಸುಳ್ಳು ಬರೆದವಳು ನಾನು, ಅವಳದೇನೂ ತಪ್ಪಿಲ್ಲ ಅಂದೆ. ಬೈತಾರೆ ಅಂತ ಕಾದೆ. ಒಬ್ಬ ಮುದುಕ ಉಗಿದ. ಅದೇ ಸಮಾಧಾನ ಅನ್ನಿಸ್ತು. ಉಳಿದೋರು ಸುಮ್ಮನೆ ಹೊರಗೆ ಹೋಗಿ ಅವರವರ ಚಪ್ಪಲಿ ಹುಡುಕಿಕೊಂಡರು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಗಾಜಿನಣ್ಣ ಮಾತ್ರ ಅಲ್ಲೇ ಕೂತಿದ್ದರು. ರೋಗಿಯನ್ನ ಮಲಗಿಸೋ ಪೆಟ್ಟಿಗೆಯ ಗಾಜಿನ ಮುಚ್ಚಳಕ್ಕೆ ಉಗುರಿನಲ್ಲಿ ತಟ್ಟಿ ನೋಡಿ, "ಗಾಜು ಚೆನ್ನಾಗಿದೆ" ಅಂದರು. ಆಮೇಲೆ ಗುಬ್ಬಿಯ ಮುಖ ನೋಡಿದರು.

ಮೇಲಿನವರನ್ನ ಕೇಳಿದರೆ ಕೊಡ್ತಿರಲಿಲ್ಲ. ನಾನು ಕೇಳಲಿಲ್ಲ. ಇಬ್ಬರೂ ಸೇರಿ ಮುಚ್ಚಳ ಒಡೆದೆವು. ಹಿತ್ತಲಲ್ಲಿ ಕೂತು ಅವರು ಉಜ್ಜಿದರು. ಅವರಿಗೂ ಕನ್ನಡಕದ ಕೆಲಸ ಗೊತ್ತಿರಲಿಲ್ಲ. ಎಷ್ಟೋ ತುಂಡು ಹಾಳಾದವು. ಉಜ್ಜೋದು, ಗುಬ್ಬಿಯ ಕಣ್ಣಿಗೆ ಹಿಡಿಯೋದು, ಅವಳು "ಊಹೂಂ" ಅನ್ನೋದು, ಮತ್ತೆ ಉಜ್ಜೋದು. ಆ ಪುಡಿ ಎದೆಗೆ ವಿಷ, ಬೇಡ ಅಂದೆ. "ಇನ್ನೇನು ಉಳಿದಿದೆ ಕೆಡಿಸೋಕೆ" ಅಂತ ನಕ್ಕರು. ಕೊನೆಗೊಂದು ದಿನ ಗುಬ್ಬಿ "ಊಹೂಂ" ಅನ್ನಲಿಲ್ಲ. ಅವರನ್ನೇ ನೋಡಿ, "ಮಾಮಾ, ನಿಮ್ಮ ಗಡ್ಡ ಬಿಳೀದಾಗಿದೆ" ಅಂದಳು.

ಹೋದ ವಾರ ಮಧ್ಯಾಹ್ನ ಅವರು ಹಿತ್ತಲಲ್ಲೇ ತೀರಿಕೊಂಡರು. ಅವರ ಹೆಂಡತಿಗೆ ಹೇಳೋ ಕೆಲಸ ನಿನ್ನ ತಲೆಗೆ ಕಟ್ಟಿದ್ದೀನಿ. ಇದಕ್ಕಿಂತ ನಾಚಿಕೆ ನನಗೆ ಇನ್ನೊಂದಿಲ್ಲ.

ಮೂವರಿಗೆ ಡಾಕ್ಟರಮ್ಮ ಕೈಲಾದದ್ದು ಮಾಡಿದರು, ಅವರು ಇಲ್ಲೇ ಇದ್ದಾರೆ. ಉಳಿದವರು ಈ ಹಡಗಿನಲ್ಲಿ ವಾಪಸ್ ಬರ್ತಿದ್ದಾರೆ. ನನ್ನನ್ನ ಕೆಲಸದಿಂದ ತೆಗೆದರು. ಈಗ ಡಾಕ್ಟರಮ್ಮನ ಹತ್ತಿರ ತಲೆ ಹಿಡಿಯೋ ಕೆಲಸ ಕೇಳಿದ್ದೀನಿ. "ಮೊದಲು ಕುರಿ ಕಣ್ಣು ತೊಳಿ" ಅಂದಿದ್ದಾರೆ. ತೊಳೀತಿದ್ದೀನಿ.

ಕ್ಷಮಿಸು ಅಂತ ಬರೆಯೋಕೆ ಮುಖ ಇಲ್ಲ.

ಅಕ್ಕ


ವರ್ಷ ೨೧೬, ಏಳನೇ ತಿಂಗಳು, ೨೯

ಅಕ್ಕಾ,

ನಿನ್ನ ಕಾಗದ ಹರಿದುಹಾಕಿದೆ. ಆಮೇಲೆ ಚೂರು ಆರಿಸಿ ಅಂಟಿಸಿದೆ, ಗುಬ್ಬಿಯ ಕಣ್ಣಿನ ಸಾಲು ಇನ್ನೊಮ್ಮೆ ಓದಬೇಕಿತ್ತು.

ನಿನ್ನ ಮೇಲೆ ಉರಿಯುವಷ್ಟು ಕೋಪ ಇದೆ. ನೀನು ಒರೆಸೋಳಾಗಿದ್ದರೆ ನನಗೇನಾಗ್ತಿತ್ತು? ನಾನು ಸೀಟು ಕೊಟ್ಟಿದ್ದು ಯಂತ್ರಕ್ಕಲ್ಲ, ನಿನಗೆ. ಅಷ್ಟು ಗೊತ್ತಾಗಲಿಲ್ವಾ ನಿನಗೆ?

ಆದರೆ ಬೈಯೋ ಬಾಯಿ ಶುದ್ಧ ಇರಬೇಕಲ್ಲ. ಸೀಬೆಹಣ್ಣಿನ ವಿಷಯ ನೀನು ಬರೆದಾಗಲೇ ನಿನಗೆ ಗೊತ್ತಾಗಿದೆ ಅಂತ ನನಗೆ ಗೊತ್ತಾಯ್ತು. ತೋಟ ಇಲ್ಲ ಅಕ್ಕಾ. ನಾನು ಬಂದಾಗಲೇ ಇರಲಿಲ್ಲ. ತೊಟ್ಟಿಯಲ್ಲಿ ಪಾಚಿ ಬೆಳೀತೀವಿ, ಅದನ್ನೇ ಒಣಗಿಸಿ, ಅದನ್ನೇ ಬೇಯಿಸಿ ತಿಂತೀವಿ. ಚಾವಣಿ ಬಿರುಕು ಬಿಟ್ಟು ಒಂದೊಂದೇ ಬೀದಿ ಮುಚ್ಚುತ್ತಾ ಬಂದಿದ್ದೀವಿ. ಗುಬ್ಬಿಯನ್ನ ಕಣ್ಣಿಗೋಸ್ಕರ ಮಾತ್ರ ಕಳಿಸಲಿಲ್ಲ. ನನ್ನ ಮಗಳು ಗಾಳಿ ಇರೋ ಕಡೆ ಇರಲಿ ಅಂತ ಕಳಿಸಿದೆ. ಕಣ್ಣು ಹೋದಾಗ, ಎಲ್ಲೋ ಮನಸ್ಸಿನ ಮೂಲೆಯಲ್ಲಿ, ನೆಪ ಸಿಕ್ಕಿತು ಅನ್ನಿಸಿತ್ತು. ತಾಯಿಯಾದವಳಿಗೆ ಹಾಗನ್ನಿಸಿತ್ತು. ಇದನ್ನ ಯಾರಿಗೂ ಹೇಳಿಲ್ಲ.

ಹಡಗು ಇಳಿದ ದಿನ ವಾಪಸ್ ಬಂದವರು ನನ್ನ ಬಾಗಿಲ ಮುಂದೆಯೇ ಹಾದುಹೋದರು. ಒಬ್ಬರೂ ಈ ಕಡೆ ತಿರುಗಲಿಲ್ಲ. ಮಾರನೇ ದಿನ ನಾನೇ ಮನೆ ಮನೆಗೆ ಹೋದೆ. ಒಬ್ಬ ಅಜ್ಜಿ ಮಾತ್ರ ಒಳಗೆ ಕರೆದು ಕೂರಿಸಿದಳು. "ನಾನೂ ನಮ್ಮಮ್ಮನಿಗೆ ತೋಟದ ಕಾಗದವನ್ನೇ ಬರೀತಿದ್ದೆ. ತವರಿಗೆ ಇನ್ನೇನು ಬರೀತಾರೆ?" ಅಂದಳು.

ಗಾಜಿನಣ್ಣನ ಹೆಂಡತಿ ಏಣಿಯ ಮೇಲಿದ್ದಳು. ಗಂಡ ಹಡಗು ಹತ್ತಿದ ಮೇಲೆ ಬಿರುಕಿಗೆ ತೇಪೆ ಹಾಕೋದು ಅವಳೇ. ವಾಪಸ್ ಬಂದವರು ಆ ಮಾತನ್ನ ನನಗೇ ಬಿಟ್ಟಿದ್ದರು, ಕೆಳಗೆ ನಿಂತೇ ಹೇಳಿದೆ. ಅವಳು ತೇಪೆಯ ಅಂಚು ಒತ್ತೋದನ್ನ ಮುಗಿಸಿ ಇಳಿದಳು.

"ಮಕ್ಕಳಿಗೆ ಹೇಳಬೇಡ. ಬೆಳಕುಕೋಣೆಯಲ್ಲಿ ವಾಸಿಯಾಯ್ತು, ಅಲ್ಲೇ ಕೆಲಸ ಸಿಕ್ಕಿ ಉಳ್ಕೊಂಡರು ಅಂತ ಹೇಳು. ವಾಪಸ್ ಬಂದವರ ಬಾಯಿ ನಾನು ಕಟ್ತೀನಿ. ನಿನಗೆ ಬರುತ್ತಲ್ಲ ಹೇಳೋಕೆ" ಅಂದಳು.

ಆ ಕೊನೇ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಹೂಂ ಅನ್ನೋದು ಎಷ್ಟು ಸುಲಭ ಇತ್ತು ಅಕ್ಕಾ. ಅವಳಿಗೂ ನೆಮ್ಮದಿ, ನನಗೂ ಬಿಡುಗಡೆ. "ಹೇಳಲ್ಲ" ಅಂದೆ. "ಮಕ್ಕಳು ಕೇಳಿದರೆ ಇದ್ದದ್ದೇ ಹೇಳ್ತೀನಿ" ಅಂದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತಾರಲ್ಲ, ಅವಳು ನಿಜವಾಗಲೂ ನನ್ನ ಎದೆಗೆ ಕೈಯಿಟ್ಟು ಹೊರಗೆ ತಳ್ಳಿದಳು.

ಆಮೇಲೆ ಎಷ್ಟೋ ದಿನ ಗೋಡೆಯಾಚೆ ಅವಳು ಅಳೋದು ಕೇಳಿಸ್ತಿತ್ತು.

ಇವತ್ತು ಬೆಳಿಗ್ಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು, "ಅಲ್ಲಿ ಗಾಳಿ ಬೀಸುತ್ತಂತೆ, ಹೌದಾ? ಅವರಿಗೆ ತಾಗಿತ್ತಾ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆ. ಅವಳು ತಲೆಯಾಡಿಸಿ ಹೋಗಿ ಮತ್ತೆ ಏಣಿ ಹತ್ತಿದಳು.

ಗುಬ್ಬಿ ಅಲ್ಲೇ ಇರಲಿ. ಕ್ಷಮಿಸು ಅಂತ ಈಗಲೇ ಕೇಳಬೇಡ, ಕೇಳಿದರೆ ಇಲ್ಲ ಅಂದುಬಿಡ್ತೀನಿ. ಬದಲಿಗೆ ಒಂದು ಕೆಲಸ ಮಾಡು. ಗಾಜಿನಣ್ಣ ಹಿತ್ತಲಲ್ಲಿ ಯಾವ ಕಡೆಗೆ ಮುಖ ಮಾಡಿ ಕೂರ್ತಿದ್ದರು, ಏನು ಮಾತಾಡ್ತಿದ್ದರು, ಕೊನೇ ದಿನ ಏನು ತಿಂದರು, ನೋವಿತ್ತಾ, ಹೆಂಡತಿಯ ಹೆಸರು ಹೇಳಿದರಾ, ಹೇಳದಿದ್ದರೆ ಹೇಳಲಿಲ್ಲ ಅಂತಲೇ ಬರಿ. ಗಾಳಿ ಬೀಸ್ತಿತ್ತಾ ಬರಿ. ಚಂದ ಮಾಡಬೇಡ. ಅವಳಿಗೆ ಓದು ಬರಲ್ಲ, ನಾನೇ ಓದಿ ಹೇಳಬೇಕು.

ನಿನ್ನ ತಂಗಿ